ದನಗಳನ್ನು ಹಿಡಿದು ನಿಲ್ಲಿಸುವ ಚೌಕಟ್ಟಿನ ಆಯ್ಕೆ

ಯಮಕನಮರಡಿ ಸೀಮೆಯ ಒಕ್ಕಲಿಗರು ಬಲ್ಲ ಖಿಲಾರಿ ಎತ್ತು ಚುರುಕಾದುದು, ಬೇಗನೆ ಬೆದರತಕ್ಕುದು. ಲಾಳ ಹೊಡೆಯಲಿಕ್ಕೂ ಸೂಜಿ ಹಾಕಿಸಲಿಕ್ಕೂ ಹಗ್ಗ ಬಿಗಿದು ಕೆಡವಿದರೆ ಕೊಂಬು ಮುರಿಯುವುದು, ಕಾಲು ಉಳುಕುವುದು. ಗಬ್ಬದ ಆಕಳಾದರೆ ಕಂದು ಹಾಕುವ ಭಯವೂ ಉಂಟು.

ಎರಡೂ ಪಕ್ಕಗಳಿಂದ ಒತ್ತಿ ಹಿಡಿಯುವ ಕಬ್ಬಿಣದ ಯಂತ್ರವು ಮೂಗುದಾರವರಿಯದ ಅಮೇರಿಕೆಯ ದೊಡ್ಡ ಹಿಂಡುಗಳಿಗೆ ಉಚಿತವಾದುದು. ಅದರ ಕತ್ತಿನ ಕಿಂಡಿಯಲ್ಲಿ ಖಿಲಾರಿಯ ನೀಳ ಕೊಂಬು ಸಿಲುಕೀತು. ಮೂಗುದಾರಕ್ಕೆ ಒಗ್ಗಿದ ನಮ್ಮ ದನಗಳಿಗೆ ದನದ ದವಾಖಾನೆಯಲ್ಲಿ ಕಾಣುವ ನಾಲ್ಕು ಕಂಬಗಳ ಟ್ರಾವಿಸ್ ಚೌಕಟ್ಟೇ ಸಾಕು.

ಲಕ್ಷಿಸತಕ್ಕ ಸಂಗತಿಗಳು:

1. ಅಗಲವು ಸುಮಾರು 2½ ಅಡಿ ಇರಲಿ. ಹೆಚ್ಚಾದರೆ ದನವು ಒಳಗೇ ತಿರುಗುವುದು.
2. ಕಂಬಗಳು ಆಳವಾಗಿ ಹುಗಿದವಾಗಿರಬೇಕು. ಮೊಳೆ, ಚೂಪು ಅಂಚು ಇರಕೂಡದು.
3. ಮುಂದಿನ, ಹಿಂದಿನ ಅಡ್ಡಗಳುಗಳು ಥಟ್ಟನೆ ಬಿಚ್ಚಲು ಬರತಕ್ಕದ್ದು. ಕುಸಿದ ದನವನ್ನು ಉಳಿಸುವ ದಾರಿ ಅದೊಂದೇ.
4. ನೆಲವು ಜಾರಕೂಡದು.

ಕಾಲುಬಾಯಿ ಬೇನೆಯ ಲಸಿಕೆಯನ್ನು 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಆರು ತಿಂಗಳಿಗೊಮ್ಮೆ ಹಾಕಿಸಬೇಕಾಗಿದೆ. ಕೈಗೆ ಸಿಗದೆ ತಪ್ಪಿಸಿಕೊಂಡ ಒಂದೆರಡು ದನಗಳಿಂದಲೇ ಬೇನೆಯು ಊರನ್ನು ಹೊಕ್ಕೀತು. ಆದಕಾರಣ ಗ್ರಾಮದ ಮುಖಂಡರು ನೆರಳಿರುವ ಸ್ಥಳದಲ್ಲಿ ಊರೊಟ್ಟಿನ ಒಂದು ಚೌಕಟ್ಟನ್ನು ನಿಲ್ಲಿಸುವುದು ಲೇಸು. ಬೇನೆ ಬಿದ್ದ ದನವನ್ನು ಮಾತ್ರ ಅದರೊಳಗೆ ತರಕೂಡದು.