ಉಬುಂಟುವಿನಲ್ಲಿ ತಂತ್ರಾಂಶ ಅಳವಡಿಕೆ: ಕನ್ನಡ ಬೆರಳಚ್ಚಿನ ಉದಾಹರಣೆಯೊಂದಿಗೆ

ಗ್ರಾಮ ಪಂಚಾಯಿತಿಯ ಗಣಕಯಂತ್ರದಲ್ಲಿ ಗ್ರಾಮಸ್ಥರ ಆಸ್ತಿ ತೆರಿಗೆ, ನೀರಿನ ಶುಲ್ಕ ಹಾಗೂ ಉದ್ಯೋಗ ಖಾತರಿ ಕೂಲಿಯ ವಿವರಗಳಿರುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ಒಂದು ತಂತ್ರಾಂಶವು ಇವೆಲ್ಲವನ್ನೂ ಅಪಾಯಕ್ಕೆ ಒಡ್ಡಬಲ್ಲದು. ಆದುದರಿಂದ ತಂತ್ರಾಂಶವನ್ನು ಹೇಗೆ ಅಳವಡಿಸಬೇಕು ಎಂಬುದಕ್ಕಿಂತ ಮೊದಲು ಎಲ್ಲಿಂದ ಪಡೆಯಬೇಕು ಎಂಬುದನ್ನು ಅರಿಯುವುದು ಅವಶ್ಯಕ.

ಭಂಡಾರ ಎಂದರೇನು?

ವಿಂಡೋಸ್‌ನಲ್ಲಿ ಜಾಲತಾಣದಿಂದ ಕಡತವನ್ನು ಇಳಿಸಿಕೊಂಡು ಅದರ ಮೇಲೆ ಕ್ಲಿಕ್ ಮಾಡುವುದು ರೂಢಿ. ಉಬುಂಟುವಿನಲ್ಲಾದರೋ ಸಾವಿರಾರು ತಂತ್ರಾಂಶಗಳು ಅಧಿಕೃತ ಭಂಡಾರದಲ್ಲಿಯೇ ದೊರೆಯುತ್ತವೆ. ಈ ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ‘ಆಪ್ಟ್’ ಎಂಬ ಸಾಧನವು ಆ ಸಹಿಯನ್ನೂ, ಇಳಿಸಿಕೊಂಡ ಕಡತವನ್ನೂ ತಾಳೆ ನೋಡಿದ ನಂತರವೇ ಅಳವಡಿಸುತ್ತದೆ. ಪೂರಕವಾಗಿ ಬೇಕಾದ ತಂತ್ರಾಂಶಗಳನ್ನು ತಾನೇ ತರುತ್ತದೆ.

ಅನುಸರಿಸಬೇಕಾದ ಕ್ರಮ

1. ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆಯುವುದು. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು.

2. ‘ಸುಡೋ ಆಪ್ಟ್ ಅಪ್‌ಡೇಟ್’ ಎಂದು ನೀಡುವುದು. ಪಾಸ್‌ವರ್ಡ್ ಬೆರಳಚ್ಚಿಸುವಾಗ ಪರದೆಯ ಮೇಲೆ ಏನೂ ಕಾಣದಿರಬಹುದು. ಗಾಬರಿಯಾಗದೆ ಪೂರ್ಣಗೊಳಿಸಿ ಎಂಟರ್ ಒತ್ತುವುದು. ಈ ಆಜ್ಞೆಯು ಪಟ್ಟಿಯನ್ನು ಮಾತ್ರ ಹೊಸದಾಗಿಸುತ್ತದೆ, ತಂತ್ರಾಂಶಗಳನ್ನು ಬದಲಿಸುವುದಿಲ್ಲ.

3. ‘ಸುಡೋ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ ಐಬಸ್-ಎಂ17ಎನ್’ ಎಂದು ನೀಡುವುದು. ಮೊದಲನೆಯದು ಕನ್ನಡ ಯೂನಿಕೋಡ್ ಅಕ್ಷರಶೈಲಿ, ಎರಡನೆಯದು ಕೀಲಿಮಣೆ ಸಾಧನ.

4. ಅನುಮತಿ ಕೇಳಿದಲ್ಲಿ ಪಟ್ಟಿಯನ್ನು ಓದಿ ‘ವೈ’ ಒತ್ತುವುದು. ಈಗಿರುವ ತಂತ್ರಾಂಶಗಳನ್ನು ತೆಗೆದುಹಾಕುವುದಾಗಿ ತೋರಿಸಿದರೆ ‘ಎನ್’ ಒತ್ತಿ ನಿಲ್ಲಿಸತಕ್ಕದ್ದು.

5. ಒಮ್ಮೆ ಲಾಗ್ ಔಟ್ ಆಗಿ ಮರಳಿ ಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ‘ಕೆಜಿಪಿ’ ವಿನ್ಯಾಸವನ್ನು ಸೇರಿಸುವುದು. ‘ನುಡಿ’ಯಲ್ಲಿ ಪಳಗಿದವರಿಗೆ ಇದು ಪರಿಚಿತ ವಿನ್ಯಾಸವೇ. ವಿಂಡೋಸ್ ಚಿಹ್ನೆಯ ಕೀಲಿ ಹಾಗೂ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಎಚ್ಚರಿಕೆ

‘ಸುಡೋ’ ಎಂದರೆ ಇಡೀ ಯಂತ್ರದ ಮೇಲಿನ ಪೂರ್ಣಾಧಿಕಾರ. ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಕೀಲಿಯನ್ನು ಅನ್ಯರಿಗೆ ಕೊಡಬಾರದೆಂಬ ನಿಯಮ ಈ ಪಾಸ್‌ವರ್ಡಿಗೂ ಅನ್ವಯಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಥವಾ ಅಂತರ್ಜಾಲದಲ್ಲಿ ಕಂಡ ಆಜ್ಞೆಯನ್ನು ಅರ್ಥ ತಿಳಿಯದೆ ನಕಲಿಸಿ ಅಂಟಿಸಬಾರದು.

ವಾರಕ್ಕೊಮ್ಮೆ ‘ಅಪ್‌ಡೇಟ್’ ಬಳಿಕ ‘ಸುಡೋ ಆಪ್ಟ್ ಅಪ್‌ಗ್ರೇಡ್’ ನೀಡಿದರೆ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಅಳವಡಿಸಿದ ತಂತ್ರಾಂಶದ ಹೆಸರು, ದಿನಾಂಕ ಮತ್ತು ಕಾರಣವನ್ನು ಒಂದು ವಹಿಯಲ್ಲಿ ನಮೂದಿಸುವುದು ಸೂಕ್ತ. ವರ್ಗಾವಣೆಯಾಗಿ ಬರುವ ಮುಂದಿನ ಸಿಬ್ಬಂದಿಗೆ ಆ ವಹಿಯೇ ಮಾರ್ಗದರ್ಶಿ.