ಇವರು ಯಾವ ಹಟ್ಟಿಯೋರು?

ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಲೆಕ್ಕ ಬರೆಯುವ ನನಗೆ ಕೆನಡಾದ ಹಾಡುಗಳ ಗೀಳು ಹತ್ತಿಸಿದವನು ಅಕ್ಕನ ಮಗ. ಓದಲೆಂದು ವಿನ್ನಿಪೆಗ್‌ಗೆ ಹೋದವನು ಅಲ್ಲೇ ಕೆಲಸ ಹಿಡಿದು ನಿಂತ. ಹಾಡಿನ ಕೊಡುಕೊಳ್ಳುವಿಕೆ ನಮ್ಮಿಬ್ಬರ ನಡುವೆ ಹಳೆಯದು. ಅವನು ಹುಡುಗನಾಗಿದ್ದಾಗ ನಾನು ಕ್ಯಾಸೆಟ್ ತುಂಬಿಸಿ ಕೊಡುತ್ತಿದ್ದೆ. ಒಂದು ಮಗ್ಗುಲಲ್ಲಿ ಸಿ. ಅಶ್ವತ್ಥ್, ಇನ್ನೊಂದರಲ್ಲಿ ಭದ್ರಾವತಿ ಆಕಾಶವಾಣಿಯಿಂದ ಹಿಡಿದಿಟ್ಟ ಜನಪದ ಗೀತೆಗಳು. ಈಗ ಅವನೇ "ಮಾವ, ಇದನ್ನ ಕೇಳು" ಎಂದು ಕಳಿಸುತ್ತಾನೆ. ಅವನು ಕಳಿಸುವುದು ಪ್ರಪಂಚವೆಲ್ಲ ಬಲ್ಲ ಹೆಸರುಗಳನ್ನಲ್ಲ. ತಮ್ಮ ಸೀಮೆಯಲ್ಲಿ ಮನೆಮಾತಾಗಿದ್ದು, ಗಡಿ ದಾಟಿದರೆ ಕೇಳಿದವರೇ ಇಲ್ಲ ಎನ್ನುವಂಥ ತಂಡಗಳು ಅವು. ನನಗೆ ಹಿಡಿಸಿದ್ದನ್ನು ನಮ್ಮ ಕಡೆಯ ಹಾಡಿನ ಹುಚ್ಚಿನವರಿಗೆ ದಾಟಿಸುತ್ತ ಬಂದಿದ್ದೇನೆ. ಈ ದಾಟಿಸುವ ಕೆಲಸದಲ್ಲಿ ಕಲಿತದ್ದು ಬಹಳ ಇದೆ.

ಮೊದಲು ಬಂದದ್ದು 'ದಿ ವೀಕರ್‌ದ್ಯಾನ್ಸ್'. 1997ರಲ್ಲಿ ವಿನ್ನಿಪೆಗ್‌ನಲ್ಲೇ ಹುಟ್ಟಿದ ತಂಡ. ಹಾಡು ಕಟ್ಟಿ ಹಾಡುವವನು ಜಾನ್ ಕೆ. ಸ್ಯಾಮ್ಸನ್. 2003ರ ಅವರ ಆಲ್ಬಂನಲ್ಲಿ 'ಒನ್ ಗ್ರೇಟ್ ಸಿಟಿ!' ಎಂಬ ಹಾಡೊಂದಿದೆ. ಒಂದು ಗಿಟಾರು, ಒಂದು ಮೆದು ದನಿ, ಅಷ್ಟೇ. ತನ್ನ ಊರಿನ ಮೇಲೆ ಬೇಸತ್ತವರ ಮಾತುಗಳನ್ನು ಒಂದೊಂದಾಗಿ ಪೋಣಿಸುತ್ತ ಹೋಗುತ್ತಾನೆ, ಆ ಬೇಸರದ ಅಡಿಯಲ್ಲಿ ಊರನ್ನು ಬಿಟ್ಟು ಹೋಗಲಾರದ ಸಂಕಟ ಇದೆ. ಮಂಡಿಯಲ್ಲಿ ಮಧ್ಯಾಹ್ನ ಟೆಂಡರ್ ಮುಗಿದ ಮೇಲೆ ನಾಲ್ಕು ಜನ ಚಹಾಕ್ಕೆ ಕೂತಾಗ ಇದನ್ನು ಹಾಕಿದೆ. "ಇದು ಒಬ್ಬ ತನ್ನ ಊರನ್ನ ಬೈಯೋ ಹಾಡು" ಎಂದಷ್ಟೇ ಹೇಳಿದೆ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಬಿಸಿಲನ್ನೂ ಧೂಳನ್ನೂ ಬಾರದ ಮಳೆಯನ್ನೂ ಬೈಯುತ್ತಲೇ ನಾವು ಇಲ್ಲಿ ಬಾಳುತ್ತೇವೆ. ಇಂಗ್ಲಿಷಿನ ಒಂದಕ್ಷರ ಬಾರದ ಹಮಾಲಿಯೊಬ್ಬ ಕೊನೆಯವರೆಗೂ ಕೇಳಿ, "ಬೈದ್ರೂ ಊರು ಬಿಟ್ಟಿಲ್ಲ ನೋಡಣ್ಣ, ದನೀಲೇ ಗೊತ್ತಾಗ್ತೈತೆ" ಅಂದ.

ಮೊದಲು ನಾನು ಹೇಳಿದ ಆ ಒಂದು ಮಾತು ಸಾಕಾಯಿತು. ತಂಡ ಯಾವಾಗ ಕಟ್ಟಿದ್ದು, ಎಷ್ಟು ಆಲ್ಬಂ, ಯಾವ ಪ್ರಕಾರದ ಸಂಗೀತ ಎನ್ನುವುದೆಲ್ಲ ಹಾಡು ಒಳಗಿಳಿದ ಮೇಲೆ ಅವರೇ ಕೇಳುವ ವಿಷಯ. ಮೊದಲೇ ಅದನ್ನೆಲ್ಲ ಹೇಳಿಬಿಟ್ಟರೆ ಕೇಳುವವನು ಹಾಡನ್ನು ಬಿಟ್ಟು ನಮ್ಮ ಮುಖ ನೋಡುತ್ತ ಕೂರುತ್ತಾನೆ.

ಕೇಳುವವನು ಎಲ್ಲಿ ಕೂತು ಕೇಳುತ್ತಾನೆ ಎಂಬುದು ಎಷ್ಟು ಮುಖ್ಯ ಎಂದು ತೋರಿಸಿಕೊಟ್ಟವನು ಮೊಳಕಾಲ್ಮುರಿನ ನೇಕಾರ ಗೆಳೆಯ. ಅವನದು ರೇಷ್ಮೆ ಸೀರೆಯ ಗುಂಡಿಮಗ್ಗ. ಒಡಲಿಗೊಂದು ಬಣ್ಣ, ಅಂಚಿಗೆ ಬೇರೆ ಬಣ್ಣ ಇರುವ ಸೀರೆಗೆ ಮೂರು ಲಾಳಿ ಓಡಬೇಕು: ಎರಡೂ ಅಂಚಿಗೆ ಒಂದೊಂದು, ಒಡಲಿಗೊಂದು. ಒಬ್ಬನಿಂದಾಗುವ ಕೆಲಸವಲ್ಲ, ಪಕ್ಕದಲ್ಲಿ ಹೆಂಡತಿ ಕೂತಿರುತ್ತಾಳೆ. ಗೋಡೆಯ ಮೊಳೆಗೆ ಅಂಗೈಯಗಲದ ಸ್ಪೀಕರು ನೇತುಹಾಕಿದ್ದಾನೆ. ಬೆಳಗಿನಿಂದ ಸಂಜೆಯವರೆಗೂ ಅದರಲ್ಲಿ ರಾಜ್‌ಕುಮಾರ್ ಹಾಡು, ತೆಲುಗು ಹಾಡು, ಭಜನೆ. ನಾನು ಹೋದಾಗ ನನ್ನ ಫೋನಿಗೆ ಬಿಟ್ಟುಕೊಡುತ್ತಾನೆ. ವೀಕರ್‌ದ್ಯಾನ್ಸ್ ಹಾಕಿದರೆ ಅರ್ಧ ಸಾಲು ಕೇಳಿಸುತ್ತಿತ್ತು, ಮಗ್ಗದ ಹಲಗೆ ಬಡಿದ ಕೂಡಲೇ ಉಳಿದರ್ಧ ಮುಳುಗುತ್ತಿತ್ತು. "ಚೆನ್ನಾಗಿರಬಹುದು ಕಣಣ್ಣ, ಆದ್ರೆ ಮಗ್ಗ ನಿಲ್ಲಿಸಿ ಕೇಳೋಕಾಗಲ್ಲ. ಮಗ್ಗದ ಜೊತೆಗೆ ನಡೆಯೋ ಹಾಡಿದ್ರೆ ಹಾಕು" ಅಂದ.

ಸ್ವಲ್ಪ ಹೊತ್ತು ಸುಮ್ಮನೆ ಮಗ್ಗದ ಸದ್ದನ್ನೇ ಕೇಳುತ್ತ ಕೂತೆ. ಲಾಳಿ ಹಾಯುವ ಸರಸರ, ಹಲಗೆಯ ಧಪ್, ಕಾಲ್ಮಣೆ ತುಳಿಯುವಾಗಿನ ಕಿರುಗುಟ್ಟು. ಅದರ ಮೇಲೆ ನಿಲ್ಲಬೇಕಾದರೆ ವಾದ್ಯ ಬೇಡ, ತುಂಬು ಗಂಟಲು ಬೇಕು. ಸ್ಟಾನ್ ರೋಜರ್ಸ್ ನೆನಪಾದ. ಒಂಟಾರಿಯೊದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದವನು, ಪೂರ್ವ ಕರಾವಳಿಯ ನೋವಾ ಸ್ಕೋಶಿಯಾದ ಬೆಸ್ತರ ಬದುಕನ್ನು ಹಾಡಿದವನು. 1981ರಲ್ಲಿ ಬಂದ ಅವನ 'ನಾರ್ತ್‌ವೆಸ್ಟ್ ಪ್ಯಾಸೇಜ್' ಹಾಡಿನಲ್ಲಿ ಗಿಟಾರೂ ಇಲ್ಲ, ಪಿಟೀಲೂ ಇಲ್ಲ. ಗಂಡಸರ ದನಿಗಳು ಮಾತ್ರ. ಒಬ್ಬ ಸಾಲೆತ್ತುತ್ತಾನೆ, ಪಲ್ಲವಿಗೆ ಎಲ್ಲರೂ ಕೂಡಿಕೊಳ್ಳುತ್ತಾರೆ, ನಮ್ಮ ಶ್ರಾವಣದ ಭಜನೆಯ ಹಾಗೆ. ಪಲ್ಲವಿ ಎರಡನೇ ಸಲ ಬರುವಾಗ ನೇಕಾರನ ಕೈ ಅದರ ನಡೆಗೆ ಬಂದಿತ್ತು. ಹಾಡು ಮುಗಿಯುವವರೆಗೂ ಅವನು ಮಾತಾಡಲಿಲ್ಲ.

ಆಮೇಲೆ ಕೇಳಿದ: "ಏನನ್ನ ಹುಡುಕ್ತಾ ಹೋಗ್ತಾರೆ ಇವರು?" ಆಗ ಕತೆ ಹೇಳಿದೆ. 1845ರಲ್ಲಿ ಜಾನ್ ಫ್ರಾಂಕ್ಲಿನ್ ಎಂಬ ಇಂಗ್ಲಿಷ್ ನಾವಿಕ ಎರಡು ಹಡಗು ಕಟ್ಟಿಕೊಂಡು ಉತ್ತರದ ಹಿಮಸಮುದ್ರದೊಳಗೆ ದಾರಿ ಹುಡುಕಲು ಹೋದ. ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದವು, ಹೋದ 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಹಾಡುಗಾರ ಕಾರಿನಲ್ಲಿ ದೇಶದ ಉದ್ದಕ್ಕೂ ಹೋಗುತ್ತ ಅವರನ್ನೆಲ್ಲ ನೆನೆಯುತ್ತಾನೆ. ಸ್ಟಾನ್ ರೋಜರ್ಸ್ 1983ರಲ್ಲಿ, 33ನೇ ವಯಸ್ಸಿಗೆ, ವಿಮಾನದೊಳಗೆ ಹತ್ತಿದ ಬೆಂಕಿಯಲ್ಲಿ ತೀರಿಕೊಂಡ. ಫ್ರಾಂಕ್ಲಿನ್‌ನ ಹಡಗುಗಳು ಸಮುದ್ರದ ತಳದಲ್ಲಿ ಸಿಕ್ಕಿದ್ದು 2014 ಮತ್ತು 2016ರಲ್ಲಿ. "ಹಾಡಿದೋನಿಗೆ ಅದು ತಿಳೀಲೇ ಇಲ್ವಾ?" ಎಂದು ನೇಕಾರನ ಹೆಂಡತಿ ಲಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದಳು. ಆ ಹಾಡು ಈಗ ಅವರ ಮನೆಯದು. ನಾನು ಹೋಗದಿದ್ದರೂ ಅಲ್ಲಿ ಕೇಳಿಬರುತ್ತದೆ.

ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗನದು ಬೇರೆ ರುಚಿ. ಗಿಟಾರು ಗುಡುಗಬೇಕು, ಹಾಡು ಉದ್ದವಿರಬೇಕು. ಅವನಿಗೆ 'ರಿಯೊಸ್ಟಾಟಿಕ್ಸ್' ಎಂಬ ಟೊರಾಂಟೊದ ತಂಡ ಕೊಟ್ಟೆ. ಗಾರ್ಡನ್ ಲೈಟ್‌ಫುಟ್ ಎಂಬ ಹಿರಿಯ ಕೆನಡಾ ಹಾಡುಗಾರ 1975ರಲ್ಲಿ ಸುಪೀರಿಯರ್ ಸರೋವರದಲ್ಲಿ 29 ಜನರೊಡನೆ ಮುಳುಗಿದ ಸರಕು ಹಡಗಿನ ಮೇಲೆ ಕಟ್ಟಿದ್ದ ಹಾಡನ್ನು ಈ ತಂಡ ತನ್ನ 1991ರ ಆಲ್ಬಂನಲ್ಲಿ ತನ್ನದೇ ರೀತಿಯಲ್ಲಿ ಹಾಡಿತು. ಹುಡುಗ ಗುಡುಗಿನಿಂದ ಹಿಂದಕ್ಕೆ ನಡೆದು, ಮೂಲದ ಸಾದಾ ಹಾಡಿಗೆ ತಾನಾಗಿಯೇ ತಲುಪಿದ.

ಇಷ್ಟೊಂದು ಸ್ಥಳೀಯ ತಂಡಗಳು ಆ ದೇಶದಲ್ಲಿ ಹೇಗೆ ಉಳಿದವು ಎಂಬ ಪ್ರಶ್ನೆ ಒಮ್ಮೆ ಚಹಾದ ನಡುವೆ ಎದ್ದಿತು. ಕೆನಡಾದ ಜನ ಹೆಚ್ಚಾಗಿ ಅಮೆರಿಕದ ಗಡಿಯ ಪಕ್ಕದಲ್ಲೇ ಇದ್ದಾರೆ. ರೇಡಿಯೊ ತಿರುಗಿಸಿದರೆ ಅಮೆರಿಕದ ಹಾಡೇ. ಅದಕ್ಕೇ 1971ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ ಎಎಂ ರೇಡಿಯೊ ಕೇಂದ್ರಗಳಿಗೆ ಒಂದು ನಿಯಮ ಹಾಕಿತು: ಹಾಕುವ ಹಾಡುಗಳಲ್ಲಿ ನೂರಕ್ಕೆ 30 ಕೆನಡಾದವೇ ಇರಬೇಕು. ಮುಂದೆ ಅದು 35 ಆಯಿತು. ಯಾರೂ ಕೇಳದಿದ್ದ ಊರಿನ ಹುಡುಗರು ರೇಡಿಯೊದಲ್ಲಿ ಕೇಳಿಬಂದರು. ನಾವೂ ಗಡಿಯವರೇ. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗ ಹತ್ತಿರದಲ್ಲೇ ಇವೆ. ತೆಲುಗು ಹಾಡು ನಮ್ಮ ಮನೆಯ ಹಾಡೇ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಚಳ್ಳಕೆರೆ ಸೀಮೆಯ ಹಟ್ಟಿಗಳ ಹಾಡು ಚಳ್ಳಕೆರೆ ಪೇಟೆಯಲ್ಲೇ ಕೇಳಿಸುವುದಿಲ್ಲ ಎಂಬುದು ನನ್ನನ್ನು ಬಾಧಿಸುತ್ತದೆ. ನೂರಕ್ಕೆ 30 ಬೇಡ, ದಿನಕ್ಕೆ ಒಂದು ಹಾಡಿಗಾದರೂ ಜಾಗ ಬೇಡವೆ?

ಅಕ್ಕನ ಮಗ ಕಳಿಸಿದ್ದರಲ್ಲಿ ನನ್ನನ್ನು ಅಲ್ಲಾಡಿಸಿದ್ದು 'ಕಾಶ್ಟಿನ್'. ಕ್ಲೋಡ್ ಮೆಕೆಂಜಿ, ಫ್ಲೋರಾಂ ವೊಲಾಂ ಎಂಬಿಬ್ಬರ ಜೋಡಿ. ಕ್ವಿಬೆಕ್‌ನ ಉತ್ತರ ದಂಡೆಯ ಮಾಲಿಯೊಟೆನಾಮ್ ಎಂಬ ಆದಿವಾಸಿ ವಸತಿಯವರು, 'ಇನ್ನು' ಎಂಬ ಬುಡಕಟ್ಟಿನವರು. ಹಾಡಿದ್ದು ತಮ್ಮ ತಾಯಿಮಾತಿನಲ್ಲೇ. ಆ ಭಾಷೆ ಆಡುವವರು ಕೆಲವೇ ಸಾವಿರ ಜನ. 1989ರಲ್ಲಿ ಬಂದ ಅವರ ಮೊದಲ ಆಲ್ಬಂ ಭಾಷೆ ತಿಳಿಯದ ಲಕ್ಷಾಂತರ ಜನಕ್ಕೂ ಹಿಡಿಸಿತು.

ಇದನ್ನು ಚಳ್ಳಕೆರೆ ಹತ್ತಿರದ ಕಾಡುಗೊಲ್ಲರ ಹಟ್ಟಿಯೊಂದರಲ್ಲಿ, ಸೋಬಾನೆ ಪದಗಳನ್ನು ಹಗಲಿರುಳು ಹಾಡಬಲ್ಲ ಅಜ್ಜಿಯೊಬ್ಬರಿಗೆ ಕೇಳಿಸಿದೆ. ಜಗಲಿಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಫೋನನ್ನು ಕಿವಿಗೆ ಹಚ್ಚಿಕೊಂಡರು. ಬೆರಳು ಮೊಣಕಾಲಿನ ಮೇಲೆ ತಾಳ ಹಿಡಿಯಿತು. ಹಾಡು ಮುಗಿದಾಗ ಚೆನ್ನಾಗಿದೆ, ಇಲ್ಲ ಎಂದೇನೂ ಅನ್ನಲಿಲ್ಲ. "ಮಾತು ತಿಳೀದಪ್ಪ. ಇವರು ಯಾವ ಹಟ್ಟಿಯೋರು?" ಎಂದು ಕೇಳಿದರು.

ಅವರ ಲೋಕದಲ್ಲಿ ಹಾಡಿಗೆ ಮೊದಲು ಹಟ್ಟಿ ಇರುತ್ತದೆ, ಬೆಡಗು ಇರುತ್ತದೆ, ದೇವರು ಇರುತ್ತದೆ. ನಾನು ಮಾಲಿಯೊಟೆನಾಮ್‌ನ ಬಗ್ಗೆ ಬಲ್ಲಷ್ಟನ್ನು ಹೇಳಿದೆ. ಹಿಮದ ನಾಡಿನಲ್ಲಿ ಕ್ಯಾರಿಬೂ ಎಂಬ ಜಿಂಕೆಜಾತಿಯ ಹಿಂಡುಗಳ ಬೆನ್ನುಹತ್ತಿ ಬದುಕಿದ ಜನ ಅವರು. ಟೆವೆಯಿಕನ್ ಎಂಬ ಚರ್ಮವಾದ್ಯ ಅವರಿಗೆ ಪವಿತ್ರ, ಅದು ಯಾರ ಕನಸಿನಲ್ಲಿ ಬಂತೋ ಅವನು ಮಾತ್ರ ಬಾರಿಸಬೇಕೆಂಬ ಕಟ್ಟಳೆ ಅವರಲ್ಲಿದೆ. ಅಜ್ಜಿ ತಲೆದೂಗಿದರು. 1990ರ ಸಂಗತಿಯನ್ನೂ ಹೇಳಿದೆ. ಓಕಾ ಎಂಬಲ್ಲಿ ಗಾಲ್ಫ್ ಮೈದಾನ ಹಿಗ್ಗಿಸಲು ಮೊಹಾಕ್ ಬುಡಕಟ್ಟಿನವರ ಹಿರಿಯರನ್ನು ಹೂತ ನೆಲಕ್ಕೆ ಕೈಹಾಕಿದಾಗ ಅವರು ಅಡ್ಡ ನಿಂತರು. ಗಲಾಟೆ ಜೋರಾದಾಗ ಕ್ವಿಬೆಕ್‌ನ ಕೆಲವು ರೇಡಿಯೊ ಕೇಂದ್ರಗಳು ಕಾಶ್ಟಿನ್ ಹಾಡುಗಳನ್ನೇ ನಿಲ್ಲಿಸಿದವು. ಕಾಶ್ಟಿನ್‌ನವರು ಮೊಹಾಕರೇ ಅಲ್ಲ, ಬೇರೆ ಬುಡಕಟ್ಟು, ಬೇರೆ ಭಾಷೆ. "ಎಲ್ಲಾರೂ ಒಂದೇ ಅಂದ್ಕಂಡ್ರಾ?" ಎಂದರು ಅಜ್ಜಿ. ಪಕ್ಕದಲ್ಲಿದ್ದ ಅವರ ಮಗ ಕುದಾಪುರದ ಕಡೆ ಕೈ ತೋರಿಸಿದ. ಅಮೃತಮಹಲ್ ಕಾವಲಿನ ಹುಲ್ಲುಗಾವಲು ಅಲ್ಲಿತ್ತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ ಅದಕ್ಕಿಂತ ಬಹಳ ಹೆಚ್ಚು ಎಂದು ಹಂಚಿಕೆಯಾದ ಮೇಲೆ ಕುರಿ ದನ ಮೇಯಿಸುವವರ ದಾರಿಗೆ ಗೋಡೆ ಬಂತು. ಹಾಡಿನ ಮಾತು ಅಲ್ಲಿಂದ ನೆಲದ ಮಾತಾಗಿ, ಕತ್ತಲಾಗುವವರೆಗೂ ನಡೆಯಿತು.

ಅಂದಿನಿಂದ ಯಾರಿಗೆ ಯಾವ ಹಾಡು ಹೇಳಿದರೂ ಊರಿನ ಹೆಸರು, ಹಾಡಿದವರ ಹೆಸರು ಇಲ್ಲದೆ ಹೇಳುವುದಿಲ್ಲ. ಫೋನಿನಿಂದ ಫೋನಿಗೆ ಹಾರುವ ಹಾಡಿಗೆ ಬೇಗ ತಂದೆತಾಯಿ ಇಲ್ಲದಂತಾಗುತ್ತದೆ. ದೊಡ್ಡ ಹಾಡುಗಾರರಿಗೆ ಅದರಿಂದ ನಷ್ಟವಿಲ್ಲ, ಸಣ್ಣ ಊರಿನವರಿಗೆ ಹೆಸರೇ ಇರುವ ಆಸ್ತಿ.

ಅಕ್ಕನ ಮಗನಿಗೆ ಪ್ರತಿಯಾಗಿ ಏನು ಕಳಿಸಬೇಕೆಂದು ಯೋಚಿಸಿದಾಗ ಸುಲಭದ ದಾರಿ ಇತ್ತು, ಸಿನಿಮಾ ಹಾಡು ಕಳಿಸಿದ್ದರೆ ಮುಗಿಯುತ್ತಿತ್ತು. ನಾನು ಗಣೆಯನ್ನು ಆರಿಸಿಕೊಂಡೆ. ಗಣೆಯೆಂದರೆ ಕಾಡುಗೊಲ್ಲರ ಉದ್ದನೆಯ ಬಿದಿರು ಕೊಳಲು. ಜುಂಜಪ್ಪನ ಕಾವ್ಯ ಹಾಡುವವರು ಅದನ್ನು ಊದಿ, ತುಟಿಯಿಂದ ತೆಗೆದು ಪದ ಹೇಳಿ, ಮತ್ತೆ ಊದುತ್ತಾರೆ. ಉಸಿರಿನ ದನಿಯೂ ಬಾಯಿಯ ದನಿಯೂ ಒಂದರ ಬೆನ್ನಿಗೊಂದು ಬರುತ್ತವೆ. ದನಗಾಹಿ ವೀರ ಜುಂಜಪ್ಪ, ಅವನ ಬಡಮೈಲ ಎಂಬ ಹೋರಿ, ಅವರ ಕತೆ ಅದು. ಹಾಡುವವರನ್ನು ಕೇಳಿದಾಗ ಅವರು ಒಡನೆ ಒಪ್ಪಲಿಲ್ಲ. ದೇವರ ಪದವನ್ನು ಮನಸ್ಸು ಬಂದಾಗೆಲ್ಲ ಹಾಡುವಂತಿಲ್ಲ. ಅವರು ಹೇಳಿದ ದಿನ ಹೋದೆ, ಚಪ್ಪಲಿ ಹೊರಗೆ ಬಿಟ್ಟು ಕೂತೆ, ಅವರು ನಿಲ್ಲಿಸು ಎಂದ ಕಡೆ ರೆಕಾರ್ಡಿಂಗ್ ನಿಲ್ಲಿಸಿದೆ. "ಪರದೇಶದ ಹುಡುಗನಿಗೆ ನಮ್ಮ ಹಟ್ಟಿ ಹೆಸರು ಸರಿಯಾಗಿ ಹೇಳು" ಎಂದರು. ಹೇಳಿದೆ. ಆತ ಅದನ್ನು ಅಲ್ಲಿನ ಒಬ್ಬ ಗಿಟಾರ್ ಗೆಳೆಯನಿಗೆ ಕೇಳಿಸಿದ್ದಾನೆ, ಆ ಗೆಳೆಯ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದು ಹುಡುಕುತ್ತ ಮತ್ತೆ ಮತ್ತೆ ಕೇಳುತ್ತಿದ್ದಾನಂತೆ.

ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರು ಆ ಅಜ್ಜಿಯ ಹಾಡುಗಳನ್ನು ಕೇಳಿ ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂಬ ಪುಸ್ತಕ ತಂದರು. ಒಬ್ಬರು ಕೂತು ಕೇಳಿ, ಹೆಸರು ಸಮೇತ ದಾಟಿಸಿದ್ದರಿಂದ ಅಜ್ಜಿಯ ಹೆಸರು ಕರ್ನಾಟಕಕ್ಕೆಲ್ಲ ತಿಳಿಯಿತು. ನಮ್ಮ ಹಟ್ಟಿಗಳಲ್ಲಿ ಅಂಥ ದನಿಗಳು ಇನ್ನೂ ಇವೆ.

ಕಾಶ್ಟಿನ್ ಕೇಳಬೇಕೆನ್ನುವವರು 1989ರ ಆಲ್ಬಂನಿಂದ ಶುರುಮಾಡಿ, ಮನೆಯವರೆಲ್ಲ ಎಚ್ಚರವಿರುವ ಹೊತ್ತಿನಲ್ಲಿ ಕೇಳಿ. ಸ್ಟಾನ್ ರೋಜರ್ಸ್ ಕೈಕೆಲಸದ ಜೊತೆಗೆ ಒಗ್ಗುತ್ತಾನೆ. ವೀಕರ್‌ದ್ಯಾನ್ಸ್‌ಗೆ ಫ್ಯಾನು ಆರಿಸಬೇಕು. ಗಣೆಯನ್ನು ಮಾತ್ರ ಫೋನಿನಲ್ಲಿ ಕೇಳಿ ನಿಲ್ಲಿಸಬೇಡಿ, ಯಾವುದಾದರೂ ಹಟ್ಟಿಯಲ್ಲಿ ಪದ ಹೇಳುವ ದಿನ ಯಾವುದೆಂದು ಕೇಳಿಕೊಂಡು ಹೋಗಿ.