1.3 ಕೆಬಿ ವೈರಿ: ಹುರುಳಿಕಾಯಿ ಗಿಡ ಮತ್ತು ಒಂದು ವೈರಸ್

ಮೆಸ್‌ನಲ್ಲಿ ಹುರುಳಿಕಾಯಿ ಪಲ್ಯ ಅಂದ್ರೆ ಮುಖ ಸಿಂಡರಿಸುವವರೇ ಜಾಸ್ತಿ, ರಾಜ್ಮಾ ಅಂದ್ರೆ ಮಾತ್ರ ಕ್ಯೂ. ಆದರೆ ಇವೆರಡೂ ಒಂದೇ ಜಾತಿಯ ಗಿಡದವು, ತಳಿ ಬೇರೆ ಅಷ್ಟೆ. ಎಳೆಯ ಕಾಯಿ ಕಿತ್ತರೆ ಪಲ್ಯಕ್ಕೆ, ಬಲಿತ ಕಾಳು ಬಿಡಿಸಿದರೆ ರಾಜ್ಮಾ. ನಾವು ಅನ್ನ–ಬೇಳೆಸಾರು ತಿಂದ ಹಾಗೆ ಬ್ರೆಜಿಲ್ ದೇಶದ ಜನ ದಿನವೂ ಅನ್ನದ ಜೊತೆ ತಿನ್ನೋದು ಇದೇ ಜಾತಿಯ ಕಾಳನ್ನು. ಈ ಬೆಳೆಯನ್ನು ಹಾಳು ಮಾಡುವ ಒಂದು ವೈರಸ್ಸನ್ನು ಅಲ್ಲಿನ ವಿಜ್ಞಾನಿಗಳು ಹೇಗೆ ತಡೆದರು ಅನ್ನೋದನ್ನು ಈ ಲೇಖನದಲ್ಲಿ ನೋಡೋಣ. ಬಯೋಟೆಕ್ ಓದದವರಿಗೂ ಅರ್ಥವಾಗುತ್ತೆ, ಹೆದರಬೇಡಿ.

ವೈರಿ ಎಷ್ಟು ದೊಡ್ಡವನು?

ಹೆಸರು ಬೀನ್ ಗೋಲ್ಡನ್ ಮೊಸಾಯಿಕ್ ವೈರಸ್. ಇದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರೋದು ಬಿಳಿ ನೊಣ. ರೋಗ ತಗುಲಿದ ಗಿಡದ ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಕಾಯಿ ಸೊಟ್ಟಗಾಗುತ್ತದೆ. ಎಳೆಯ ಗಿಡಕ್ಕೇ ತಗುಲಿದರೆ ರೈತನ ಕೈಗೆ ಏನೂ ಸಿಗದೇ ಹೋಗಬಹುದು. ಔಷಧಿ ಹೊಡೆದರೆ ನೊಣ ಸಾಯುತ್ತದೆ, ಆದರೆ ಗಿಡದೊಳಗೆ ಹೊಕ್ಕ ವೈರಸ್‌ಗೆ ಏನೂ ಆಗುವುದಿಲ್ಲ.

ಈ ವೈರಸ್‌ನ ಡಿಎನ್‌ಎ ಎರಡು ಉಂಗುರಗಳಲ್ಲಿದೆ. ಒಂದೊಂದರಲ್ಲಿ ಸುಮಾರು 2,600 ಅಕ್ಷರ, ಒಟ್ಟು 5,200. ಡಿಎನ್‌ಎಯಲ್ಲಿ ಇರೋದು ನಾಲ್ಕೇ ಅಕ್ಷರ, ಅಂದ್ರೆ ಒಂದಕ್ಕೆ 2 ಬಿಟ್ ಸಾಕು. ಲೆಕ್ಕ ಹಾಕಿ: 10,400 ಬಿಟ್, ಸುಮಾರು 1.3 ಕೆಬಿ. ಹುರುಳಿಕಾಯಿ ಗಿಡದ ಜೀನೋಮ್‌ನಲ್ಲಿ 50 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಹೇಗೆ ಮಣಿಸುತ್ತದೆ?

ರೆಪ್ ಎಂಬ ಮೇಸ್ತ್ರಿ

ಡಿಎನ್‌ಎ ನಕಲು ಮಾಡಲು ಪಾಲಿಮರೇಸ್ ಎಂಬ ಕಿಣ್ವ ಬೇಕು. ಈ ವೈರಸ್ ಹತ್ತಿರ ಅದು ಇಲ್ಲವೇ ಇಲ್ಲ! ಅದರ ಹತ್ತಿರ ಇರೋದು ರೆಪ್ ಎಂಬ ಪ್ರೋಟೀನ್. ತನ್ನ ಆಳುಗಳನ್ನು ಕರೆತರದೆ, ಮನೆಯವರಿಂದಲೇ ಕೆಲಸ ಮಾಡಿಸಿಕೊಳ್ಳುವ ಮೇಸ್ತ್ರಿ ಅಂದುಕೊಳ್ಳಿ. ಅದರ ಕೆಲಸಗಳು ಹೀಗಿವೆ:

1. ಬ್ರೇಕ್ ತೆಗೆಯುವುದು. ಬಲಿತ ಎಲೆಯ ಜೀವಕೋಶಗಳು ಡಿಎನ್‌ಎ ನಕಲು ಮಾಡುವ ಯಂತ್ರವನ್ನು ಆಫ್ ಮಾಡಿಟ್ಟಿರುತ್ತವೆ. ಈ ಗುಂಪಿನ ಹಲವು ವೈರಸ್‌ಗಳಲ್ಲಿ ರೆಪ್ ಹೋಗಿ ಆ ಬ್ರೇಕ್ ಪ್ರೋಟೀನಿಗೆ ಅಂಟಿಕೊಂಡು ಯಂತ್ರವನ್ನು ಮತ್ತೆ ಆನ್ ಮಾಡಿಸುತ್ತದೆ.

2. ಜಾಗ ಗುರುತಿಸಿ ಕತ್ತರಿಸುವುದು. ವೈರಸ್‌ನ ಉಂಗುರದಲ್ಲಿ ಟಿ-ಎ-ಎ-ಟಿ-ಎ-ಟಿ-ಟಿ-ಎ-ಸಿ ಎಂಬ ಒಂಬತ್ತು ಅಕ್ಷರಗಳ ಸಾಲಿದೆ. ರೆಪ್ ಸರಿಯಾಗಿ ಏಳನೇ ಮತ್ತು ಎಂಟನೇ ಅಕ್ಷರದ ನಡುವೆ ಒಂದು ಎಳೆಯನ್ನು ಕತ್ತರಿಸುತ್ತದೆ.

3. ಸುತ್ತಿಸಿ ಅಂಟಿಸುವುದು. ಕತ್ತರಿಸಿದ ತುದಿಯಿಂದ ಗಿಡದ ಪಾಲಿಮರೇಸ್ ಹೊಸ ಎಳೆ ನೇಯುತ್ತಾ ಹೋಗುತ್ತದೆ, ಹಳೆಯ ಎಳೆ ಉರುಳೆಯಿಂದ ದಾರ ಬಿಚ್ಚಿದ ಹಾಗೆ ಕಳಚಿಕೊಳ್ಳುತ್ತದೆ. ಒಂದು ಸುತ್ತು ಮುಗಿದ ಮೇಲೆ ರೆಪ್ ಮತ್ತೆ ಕತ್ತರಿಸಿ, ತುದಿಗಳನ್ನು ಸೇರಿಸಿ ಹೊಸ ಉಂಗುರ ಮಾಡುತ್ತದೆ.

ನಕಲು ಆಗಲು ವೈರಸ್‌ಗೆ ತನ್ನದೇ ಆಗಿ ಬೇಕೇಬೇಕಾದ ಪ್ರೋಟೀನ್ ಇದು. ರೆಪ್ ಇಲ್ಲದಿದ್ದರೆ ನಕಲೇ ಇಲ್ಲ. 1.3 ಕೆಬಿಯಲ್ಲಿ ಬ್ಯಾಕಪ್‌ಗೆ ಜಾಗ ಎಲ್ಲಿದೆ ಹೇಳಿ!

ಮೊದಲ ಉಪಾಯ: ನಕಲಿ ಮೇಸ್ತ್ರಿ

ಬ್ರೆಜಿಲ್‌ನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪ ಮೊದಲು ಮಾಡಿದ್ದು ಹೀಗೆ: ರೆಪ್‌ನ 262ನೇ ಅಮೈನೋ ಆಮ್ಲವನ್ನು ಬದಲಿಸಿ ಕೆಲಸಕ್ಕೆ ಬಾರದ ರೆಪ್ ತಯಾರಿಸುವ ಜೀನ್ ಮಾಡಿ, ಗಿಡಕ್ಕೆ ಸೇರಿಸಿತು. ನಕಲಿ ಮೇಸ್ತ್ರಿಗಳು ಜಾಗ ಹಿಡಿದು ಕೂತರೆ ಅಸಲಿಗೆ ಕೆಲಸ ಮಾಡೋಕಾಗಲ್ಲ ಅನ್ನೋದು ಐಡಿಯಾ. 2006ರಲ್ಲಿ ಪ್ರಕಟವಾದ ಫಲಿತಾಂಶ: ಅರೆಬರೆ ನಿರೋಧಕತೆ ಮಾತ್ರ.

ಎರಡನೇ ಉಪಾಯ: ಆರ್ಡರನ್ನೇ ಹರಿದುಹಾಕು

ರೆಪ್ ತಯಾರಾಗಬೇಕಾದರೆ ಮೊದಲು ಅದರ ಸಂದೇಶ, ಅಂದ್ರೆ ಎಂಆರ್‌ಎನ್‌ಎ, ಬರಬೇಕು. ಆ ಸಂದೇಶವನ್ನೇ ನಾಶ ಮಾಡಿದರೆ? ವಿಜ್ಞಾನಿಗಳು ರೆಪ್ ಜೀನಿನ ಒಂದು ತುಂಡನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಜೋಡಿಸಿ ಗಿಡಕ್ಕೆ ಸೇರಿಸಿದರು. ಅದರಿಂದ ಬರುವ ಆರ್‌ಎನ್‌ಎ ಹೇರ್‌ಪಿನ್ ಹಾಗೆ ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿ ಎಳೆಯಾಗುತ್ತದೆ. ಜೋಡಿ ಎಳೆ ಆರ್‌ಎನ್‌ಎ ಕಂಡರೆ ಗಿಡ ಅದನ್ನು ಸುಮಾರು 21ರಿಂದ 24 ಅಕ್ಷರಗಳ ಚೂರು ಮಾಡುತ್ತದೆ. ಆ ಚೂರುಗಳನ್ನೇ ಸ್ಯಾಂಪಲ್ ಆಗಿ ಇಟ್ಟುಕೊಂಡು, ಅದಕ್ಕೆ ಹೊಂದುವ ಸಂದೇಶ ಎಲ್ಲಿ ಸಿಕ್ಕರೂ ಕತ್ತರಿಸುತ್ತದೆ. ಇದೇ ಆರ್‌ಎನ್‌ಎ ಇಂಟರ್‌ಫಿಯರೆನ್ಸ್, ಗಿಡಗಳಲ್ಲಿ ಸಹಜವಾಗಿಯೇ ಇರುವ ರಕ್ಷಣೆ. ಈ ಸೇರ್ಪಡೆಯಿಂದ ಗಿಡದಲ್ಲಿ ಹೊಸ ವೈರಸ್ ಪ್ರೋಟೀನ್ ತಯಾರಾಗುವುದಿಲ್ಲ ಅನ್ನೋದು ಇನ್ನೊಂದು ಲಾಭ.

18 ಕುಲಾಂತರಿ ಸಾಲುಗಳಲ್ಲಿ ಒಂದೇ ಒಂದು, 5.1 ಹೆಸರಿನದು, ಗಟ್ಟಿಯಾಗಿ ನಿಂತಿತು. ಗಿಡಕ್ಕೆ 300ಕ್ಕೂ ಹೆಚ್ಚು ವೈರಸ್ ಹೊತ್ತ ಬಿಳಿ ನೊಣಗಳನ್ನು ಬಿಟ್ಟರೂ ಸುಮಾರು 93% ಗಿಡಗಳಲ್ಲಿ ರೋಗಲಕ್ಷಣ ಕಾಣಲಿಲ್ಲ. ಇದು ಪ್ರಕಟವಾಗಿದ್ದು 2007ರಲ್ಲಿ. ಬ್ರೆಜಿಲ್‌ನ ಜೈವಿಕ ಸುರಕ್ಷತಾ ಆಯೋಗ 2011ರಲ್ಲಿ ಅನುಮತಿ ಕೊಟ್ಟಿತು.

ಹಾಗಾದ್ರೆ ಗೆದ್ದಾಯ್ತಾ?

ಪೂರ್ತಿ ಅಲ್ಲ. ಹೊಲದಲ್ಲಿ ಬೆಳೆದಾಗ ಇನ್ನೊಂದು ವೈರಸ್ ಎದ್ದು ಕಂಡಿತು: ಕೌಪೀ ಮೈಲ್ಡ್ ಮಾಟಲ್ ವೈರಸ್. ಮೊದಲು ಬಂಗಾರದ ಬಣ್ಣದ ರೋಗದ ಮರೆಯಲ್ಲಿ ಇದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಹರಡುವುದು ಅದೇ ಬಿಳಿ ನೊಣ. ಆದರೆ ಇದು ಆರ್‌ಎನ್‌ಎ ವೈರಸ್, ಸ್ವಂತ ಪಾಲಿಮರೇಸ್ ಇದೆ, ರೆಪ್ ಇಲ್ಲ. 5.1ರಲ್ಲಿರುವ ಸ್ಯಾಂಪಲ್ ಚೂರುಗಳಿಗೆ ಇದು ಮ್ಯಾಚ್ ಆಗೋದೇ ಇಲ್ಲ. ಅಂದ್ರೆ ನೊಣದ ಮೇಲೆ ಕಣ್ಣಿಡುವ ಕೆಲಸ ರೈತನಿಗೆ ತಪ್ಪಲಿಲ್ಲ.

ಇದು ನಮಗೂ ಸಂಬಂಧಪಟ್ಟ ಮಾತು. ಕೋಲಾರದ ಕಡೆಯ ಟೊಮೆಟೊ ಬೆಳೆಗಾರರನ್ನು ಕೇಳಿ, ಎಲೆ ಮುಟುರು ರೋಗದ ಬಗ್ಗೆ ಹೇಳುತ್ತಾರೆ. ಅದನ್ನು ಹರಡುವುದೂ ಬಿಳಿ ನೊಣ, ಆ ವೈರಸ್ಸೂ ಇದೇ ಗುಂಪಿನದು, ಅದಕ್ಕೂ ರೆಪ್ ಇದೆ. ಅದರಲ್ಲೊಂದಕ್ಕೆ ಬೆಂಗಳೂರಿನ ಹೆಸರೇ ಇದೆ! ಹಾಗಂತ ಬ್ರೆಜಿಲ್‌ನ ಜೀನ್ ತುಂಡನ್ನು ತಂದು ಟೊಮೆಟೊಗೆ ಹಾಕಿದರೆ ನಡೆಯಲ್ಲ. ಅಕ್ಷರಗಳ ಸಾಲು ಬೇರೆ, ಜೊತೆಗೆ ಈ ವೈರಸ್‌ಗಳು ತಮ್ಮತಮ್ಮಲ್ಲೇ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನಮ್ಮ ಹೊಲದ ವೈರಸ್‌ಗಳನ್ನು ಓದಿ, ನಮಗೆ ಬೇಕಾದ ಭಾಗ ಆರಿಸಿ, ಹೊಸದಾಗಿಯೇ ವಿನ್ಯಾಸ ಮಾಡಬೇಕು. ನಮ್ಮಲ್ಲಿ ವ್ಯಾಪಕವಾಗಿ ಬೆಳೆಯುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. ಅದು ಹುಳುವಿನ ವಿರುದ್ಧ, ವೈರಸ್ ವಿರುದ್ಧ ಅಲ್ಲ.

ಅಕ್ಷರಗಳ ಸಾಲು ಹೋಲಿಸೋದು, ಯಾವ ತುಂಡು ಹೆಚ್ಚು ವೈರಸ್‌ಗಳಿಗೆ ಹೊಂದುತ್ತದೆ ಅಂತ ಹುಡುಕೋದು, ಎಲೆಯ ಫೋಟೋ ನೋಡಿ ರೋಗ ಗುರುತಿಸೋದು ಇವೆಲ್ಲಾ ಕಂಪ್ಯೂಟರ್ ಸೈನ್ಸ್‌ನವರೂ ಕೈಹಾಕಬಹುದಾದ ಕೆಲಸ. ಮುಂದಿನ ಸಲ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುವಾಗ ಟೊಮೆಟೊ ಹೊಲವನ್ನೂ ಒಮ್ಮೆ ನೆನಪಿಸಿಕೊಳ್ಳಿ.